ಅಲಾವಿಯ ಸುತ್ತ ಯಾರ ಹೆಜ್ಜೆ?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಹಳ್ಳಿಗಳಲ್ಲಿ ಮೊಹರಂ ಯಾರ ಹಬ್ಬ ಎಂದು ಕೇಳಿದರೆ, ‘ಊರ ಹಬ್ಬ’ ಎಂಬ ಉತ್ತರವೇ ಸಿಗುತ್ತದೆ. ಈ ಉತ್ತರದ ಹಿಂದೆ ದೀರ್ಘ ಚರಿತ್ರೆಯಿದೆ.

ಕ್ರಿ.ಶ. 680ರಲ್ಲಿ ಕರ್ಬಲಾದಲ್ಲಿ ಪ್ರವಾದಿಯವರ ಮೊಮ್ಮಗ ಇಮಾಮ್ ಹುಸೇನರು ಹುತಾತ್ಮರಾದರು. ಆ ಶೋಕದ ನೆನಪು ನಮ್ಮ ನೆಲದಲ್ಲಿ ಬೇರುಬಿಡಲು ಬಿಜಾಪುರದ ಆದಿಲಶಾಹಿಗಳ ಆಳ್ವಿಕೆ (1490-1686) ಒಂದು ಮುಖ್ಯ ಕಾರಣ. ಯೂಸುಫ್ ಆದಿಲಶಾಹ ಶಿಯಾ ಪಂಥವನ್ನು ರಾಜ್ಯದ ಪಂಥವಾಗಿಸಿದ. ಮೊದಲನೆಯ ಇಬ್ರಾಹಿಂ ಸುನ್ನಿ ಪಂಥಕ್ಕೆ ಮರಳಿದ. ಅವನ ಮಗ ಅಲಿ ಮತ್ತೆ ಶಿಯಾ ಪಂಥ ಹಿಡಿದ. ‘ಕಿತಾಬೆ ನೌರಸ್’ ರಚಿಸಿ ಸರಸ್ವತಿಯನ್ನು ಸ್ತುತಿಸಿದ ಎರಡನೆಯ ಇಬ್ರಾಹಿಂನನ್ನು (1580-1627) ಜನ ‘ಜಗದ್ಗುರು’ ಎಂದರು. ಅರಮನೆಯ ಪಂಥ ಹೀಗೆ ಬದಲಾಗುತ್ತಿತ್ತು, ಕೊನೆಗೆ ಅರಮನೆಯೇ ಅಳಿಯಿತು. ಹಳ್ಳಿಯ ಪಂಜಾ ಮಾತ್ರ ಉಳಿಯಿತು.

ಉಳಿದದ್ದು ಹೇಗೆ? ಊರು ಕೆಲಸವನ್ನು ಹಂಚಿಕೊಂಡದ್ದರಿಂದ. ಒಬ್ಬರು ಅಲಾವಿ ಕುಣಿಗೆ ಗುದ್ದಲಿ ಹಾಕಿದರು, ಒಬ್ಬರು ಕಟ್ಟಿಗೆ ತಂದರು, ಒಬ್ಬರು ಹಲಗಿ ಬಾರಿಸಿದರು. ಹರಕೆ ಹೊತ್ತ ಲಿಂಗಾಯತ, ಕುರುಬ, ದಲಿತ ಮಕ್ಕಳು ಲಾಡಿ ಕಟ್ಟಿಕೊಂಡು ಫಕೀರರಾದರು. ಮನೆಮನೆಯಲ್ಲಿ ಚೊಂಗೆ ಬೆಂದಿತು. ಬೆಳಗಾವಿ ಜಿಲ್ಲೆಯ ಹಿರೇಬಿದನೂರಿನಂಥ ಊರಿನಲ್ಲಿ ಮುಸ್ಲಿಂ ಮನೆಗಳೇ ಇಲ್ಲದಿದ್ದರೂ ಮೊಹರಂ ನಡೆಯುತ್ತದೆ.

ಹೆಜ್ಜೆಮೇಳದವರು ಹಾಡುವ ರಿವಾಯತ್ ಪದಗಳು ಕನ್ನಡದವು. ಕರ್ಬಲಾದ ನೀರಡಿಕೆ ಬರಗಾಲ ಕಂಡ ಈ ಜನಕ್ಕೆ ಪರಕೀಯವೆನಿಸಲಿಲ್ಲ. ಶಿಶುನಾಳ ಷರೀಫರೂ ಇಂಥ ಪದಗಳನ್ನು ಕಟ್ಟಿದರು. ಅಂದಿನ ಇಂಡಿ ತಾಲೂಕಿನ ಹಲಸಂಗಿಯಲ್ಲಿ 1930ರ ದಶಕದಲ್ಲಿ ಜನಪದ ಹಾಡುಗಳನ್ನು ಕೂಡಿಸಿದ ಗೆಳೆಯರಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣನವರ ಜೊತೆ ಪಿ. ಧೂಲಾಸಾಹೇಬರೂ ಇದ್ದರೆಂಬುದನ್ನು ನಾವು ಮರೆಯಬಾರದು.

ಇಂದು ಈ ಹಬ್ಬವನ್ನು ಮೂರು ಕಡೆಯಿಂದ ಎಳೆಯಲಾಗುತ್ತಿದೆ. ‘ಇದು ಇಸ್ಲಾಮಿಗೆ ಸಲ್ಲದು’ ಎನ್ನುವವರು ನಮ್ಮಲ್ಲಿದ್ದಾರೆ. ‘ನಿಮಗೇಕೆ ಅವರ ಹಬ್ಬ’ ಎಂದು ನೆರೆಯವರನ್ನು ತಡೆಯುವವರು ಅತ್ತ ಇದ್ದಾರೆ. ಧರ್ಮದ ಪ್ರಶ್ನೆಗಳನ್ನು ಪ್ರಾಮಾಣಿಕವಾಗಿ ಎತ್ತುವವರ ಜೊತೆ ಮಾತಾಡಬಹುದು. ನೆರೆಹೊರೆಯನ್ನು ಒಡೆಯುವುದಕ್ಕೆ ಮಾತ್ರ ಯಾವ ಧರ್ಮವೂ ನೆಪವಾಗಬಾರದು. ಮೂರನೆಯದು ಸಂತೆ. ಅದು ಯಾರನ್ನೂ ಹೊರಗಿಡುವುದಿಲ್ಲ, ಆದ್ದರಿಂದಲೇ ಅದರ ಅಪಾಯ ಕಾಣುವುದಿಲ್ಲ. ಪುಢಾರಿಗಳ ಮುಖವಿರುವ ಫ್ಲೆಕ್ಸು ಬಂದಾಗ ಪಂಜಾ ಮರೆಯಾಗುತ್ತದೆ. ಡಿಜೆ ಬಂದಾಗ ಹಲಗಿಯವನು ಮನೆಯಲ್ಲಿ ಉಳಿಯುತ್ತಾನೆ, ರಿವಾಯತ್ ಹಾಡುವ ಮುದುಕನ ದನಿ ಕೇಳುವುದಿಲ್ಲ. ಗಣೇಶೋತ್ಸವಕ್ಕೂ ಬಸವ ಜಯಂತಿಗೂ ಈ ಮಾತು ಹೊರತಲ್ಲ. ಕಾಯಕ, ದಾಸೋಹ ಎಂದ ಬಸವಣ್ಣನವರು ಹುಟ್ಟಿದ ಸೀಮೆಯಿದು.

ಬಾಡಿಗೆಯ ಸದ್ದಿಗೆ ಊರಿನ ಕೈಗಳು ಬೇಕಿಲ್ಲ. ಕೈಗಳು ಬೇಡವಾದ ಹಬ್ಬದಲ್ಲಿ ಊರು ಬರಿಯ ನೋಡುಗನಾಗುತ್ತದೆ. ಬರುವ ಮೊಹರಂಗೆ ಮೊದಲೇ ನಾವು ಮಾಡಬಹುದಾದ ಸಣ್ಣ ಕೆಲಸವೊಂದಿದೆ: ನಮ್ಮೂರ ಹಾಡುಗಾರನ ಬಳಿ ಕುಳಿತು ಅವನ ಪದಗಳನ್ನು ಬರೆದುಕೊಳ್ಳುವುದು, ಹಲಗಿಯವನನ್ನು ಮತ್ತೆ ಕರೆಯುವುದು.