ಗೋರಂಟಿಗೆ ಅವಸರ ಆಗಿಬರೋದಿಲ್ಲ!

ಮದುವೆ ಮನೆಗಳಲ್ಲಿ ಈಗ ‘ಮೆಹೆಂದಿ ನೈಟ್’ ಜೋರು. ಹೆಸರು ಹೊಸದು, ಎಲೆ ಹಳೆಯದು. ನಮ್ಮಲ್ಲಿ ಕೆಲವರಿಗೆ ಅದು ಗೋರಂಟಿ, ಕೆಲವರಿಗೆ ಮದರಂಗಿ. ಈಜಿಪ್ಟಿನ 3,000 ವರ್ಷ ಹಿಂದಿನ ಮಮ್ಮಿಗಳ ಕೂದಲಲ್ಲೂ ಇದೇ ಬಣ್ಣ ಸಿಕ್ಕಿದೆ. ಯೆಮನ್‌ನ ಯಹೂದಿ ವಧು, ಮೊರಾಕ್ಕೋದ ಮುಸ್ಲಿಂ ವಧು, ರಾಜಸ್ಥಾನದ ಹಿಂದೂ ವಧು, ಎಲ್ಲರ ಅಂಗೈಯಲ್ಲೂ ಒಂದೇ ಕೆಂಪು. ಈ ಕೆಂಪಿಗೆ ಧರ್ಮ ಯಾವುದು, ನೀವೇ ಹೇಳಿ?

ಶಾಸ್ತ್ರ ಮದುವೆಗೆ ಮೊದಲೇ ಯಾಕೆ? ಎಲೆಯ ಲಾಸೋನ್ ಅನ್ನೋ ಅಂಶ ಚರ್ಮಕ್ಕೆ ಹಿಡಿಯುತ್ತೆ. ಮೊದಲು ಕಿತ್ತಳೆ ಬಣ್ಣ. ಕಡುಗೆಂಪಾಗೋಕೆ 48 ಗಂಟೆ ಬೇಕು. ನಮ್ಮ ಅಜ್ಜಿಯರಿಗೆ ರಸಾಯನಶಾಸ್ತ್ರ ಗೊತ್ತಿರಲಿಲ್ಲ, ಲೆಕ್ಕ ಗೊತ್ತಿತ್ತು. ಕೈತುಂಬ ಹಚ್ಚಿಸಿಕೊಂಡ ಹುಡುಗಿ ಪಾತ್ರೆ ಮುಟ್ಟೋ ಹಾಗಿಲ್ಲ. ಅವಳಿಗೆ ತಾಯಿಯೇ ತುತ್ತಿಡಬೇಕು. ಶಾಸ್ತ್ರದ ಅರ್ಥ ಆ ತುತ್ತಿನಲ್ಲಿದೆ ಅಂತ ನಾನು ನಂಬಿದ್ದೇನೆ.

ಈಗ ಹತ್ತೇ ನಿಮಿಷಕ್ಕೆ ಕಪ್ಪಾಗೋ ಕೋನ್ ಬಂದಿದೆ. ಗೋರಂಟಿ ಎಲೆ ಹಾಗೆ ಕಪ್ಪು ಬಣ್ಣ ಬಿಡೋದಿಲ್ಲ ಸ್ವಾಮಿ! ಅಂಥ ಕೋನ್‌ಗಳಲ್ಲಿ ಎಷ್ಟೋ ಸಲ ಇರೋದು ತಲೆಗೂದಲ ಡೈಗೆ ಬಳಸುವ ಪಿಪಿಡಿ. ಕೆಲವರ ಕೈಯಲ್ಲಿ ಬೊಬ್ಬೆ ಏಳುತ್ತೆ, ಕಲೆ ಉಳಿಯುತ್ತೆ. ಸಾಲ ಮಾಡಿ ಡಿಜೆ ಕರೆಸೋ ಅಪ್ಪಂದಿರಲ್ಲಿ ನನ್ನ ವಿನಂತಿ ಇಷ್ಟೇ: ಎರಡು ದಿನ ಮೊದಲು ಒಂದು ಹಿಡಿ ಎಲೆ ತನ್ನಿ. ತುತ್ತಿಡೋಕೆ ಅಮ್ಮನಿಗೂ ಒಂದಿಷ್ಟು ಹೊತ್ತು ಸಿಗಲಿ.