ಹಚ್ಚೆಯ ಹಸುರು

ಹಚ್ಚೆ ಎಂಬ ಮಾತಿನೊಳಗೆ ಒಂದು ಬಣ್ಣದ ಹೆಸರು ಅಡಗಿದೆ. ಹಳಗನ್ನಡದ ಪಾಲು ಹಾಲಾದಂತೆ, ಪೂವು ಹೂವಾದಂತೆ, ಪಚ್ಚೆ ಹಚ್ಚೆಯಾಯಿತು. ಪಚ್ಚೆಯೆಂದರೆ ಹಸುರು. ರತ್ನದ ಹೆಸರಾಗಿ ಅದು ಹಳೆಯ ರೂಪದಲ್ಲಿಯೇ ನಿಂತಿತು; ಮೈಮೇಲಣ ಗುರುತಿನ ಹೆಸರಾಗಿ ಕಾಲದೊಡನೆ ಸಾಗಿಬಂದಿತು. ತಮಿಳರ ‘ಪಚ್ಚೈ’, ತೆಲುಗರ ‘ಪಚ್ಚಬೊಟ್ಟು’ ಇದರ ಒಡಹುಟ್ಟಿದವು.

ಆದರೆ ಹಚ್ಚೆಗೆಂದು ಚರ್ಮದೊಳಕ್ಕೆ ಇಳಿಸುತ್ತಿದ್ದುದು ಹಸುರಲ್ಲ, ಅಪ್ಪಟ ಕಪ್ಪು. ಮದರಾಸಿನ ವಸ್ತುಸಂಗ್ರಹಾಲಯದ ಮುಖ್ಯಾಧಿಕಾರಿಯಾಗಿದ್ದ ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ತನ್ನ ಏಳು ಸಂಪುಟಗಳ ಗ್ರಂಥದಲ್ಲಿ ಕೊರವ ಹೆಂಗಸರ ಈ ಕಸುಬನ್ನು ವಿವರವಾಗಿ ದಾಖಲಿಸಿದ್ದಾನೆ. ಅಗಸೆ ಮರದ ಎಲೆಯನ್ನೂ ಅರಿಸಿನವನ್ನೂ ಕೂಡಿಸಿ ಅರೆದು, ತೆಳುಬಟ್ಟೆಗೆ ಸವರಿ, ಬತ್ತಿಯಾಗಿ ಹೊಸೆದು, ಹರಳೆಣ್ಣೆಯಲ್ಲಿ ಉರಿಸುವುದು. ಮೇಲೆ ಹೊಸ ಮಡಕೆಯೊಂದನ್ನು ಕವುಚುವುದು. ಅದರ ಒಳಮೈಗೆ ಹಿಡಿದ ಮಸಿಯನ್ನು ಕೆರೆದು ನೀರಿನಲ್ಲೋ ಎದೆಹಾಲಿನಲ್ಲೋ ಕಲಸುವುದು. ಎಲೆಯ ರಸವೇ ಹಸುರು ಬಣ್ಣ ಕೊಡುತ್ತದೆಂದು ಯಾರಾದರೂ ಊಹಿಸಿದರೆ, ಆ ಎಲೆ ಉರಿದುಹೋಯಿತೆಂಬುದನ್ನು ನೆನೆಯಬೇಕು. ಮಡಕೆಯಲ್ಲಿ ಉಳಿದದ್ದು ಮಸಿ.

ಹಾಗಾದರೆ ಹಸುರು ಎಲ್ಲಿಯದು? ಅದು ಚರ್ಮದ ಕೊಡುಗೆ. ನಮ್ಮ ಹೊರಚರ್ಮ ತಿಂಗಳೊಪ್ಪತ್ತಿನಲ್ಲಿ ಉದುರಿ ಹೊಸದಾಗುತ್ತದೆ. ಮಸಿ ಕುಳಿತಿರುವುದು ಅದರ ಕೆಳಗಣ ಒಳಚರ್ಮದಲ್ಲಿ. ನಡುವಣ ಪದರ ಬೆಳಕನ್ನು ಚದುರಿಸುತ್ತದೆ. ಕೆಂಪು ಆಳಕ್ಕಿಳಿದು ಮಸಿಯಲ್ಲಿ ಮುಳುಗಿಹೋಗುತ್ತದೆ, ನೀಲಿ ಹಸುರುಗಳ ಪಾಲು ಕಣ್ಣಿಗೆ ಹಿಂದಿರುಗುತ್ತದೆ. ಹೊಸ ಗಾಯದಲ್ಲಿ ಕಪ್ಪಾಗಿ ಕಾಣುವುದು ಮಾಗಿದ ಮೇಲೆ ಪಚ್ಚೆಯಾಗುವುದು ಹೀಗೆ. ಅಂದರೆ ನಮ್ಮ ಹಿರಿಯರು ಹೆಸರಿಟ್ಟದ್ದು ಚುಚ್ಚಿದ ದಿನದ ಹಚ್ಚೆಗಲ್ಲ, ವರ್ಷಗಳುರುಳಿದ ಹಚ್ಚೆಗೆ.

ಮಸಿ ಅಲ್ಲೇಕೆ ನಿಲ್ಲುತ್ತದೆಂಬುದು ಇನ್ನೂ ಸ್ವಾರಸ್ಯದ ಸಂಗತಿ. ಹೊರಗಿನಿಂದ ಬಂದುದನ್ನು ನುಂಗಿಹಾಕುವ ಕಾವಲು ಕಣಗಳು ದೇಹದಲ್ಲಿವೆ. ಅವು ಮಸಿಯನ್ನೂ ನುಂಗುತ್ತವೆ, ಜೀರ್ಣಿಸಿಕೊಳ್ಳಲಾರವು. ಇಲಿಗಳ ಬಾಲಕ್ಕೆ ಹಸುರು ಹಚ್ಚೆ ಹಾಕಿ ನೋಡಿದ ಫ್ರಾನ್ಸಿನ ವಿಜ್ಞಾನಿಗಳು 2018ರಲ್ಲಿ ಪ್ರಕಟಿಸಿದ ಶೋಧನೆಯಂತೆ, ಇಂಥ ಕಣವೊಂದು ಸತ್ತು ಬಣ್ಣವನ್ನು ಕೈಬಿಟ್ಟರೆ ಹೊಸ ಕಣವೊಂದು ಬಂದು ಅದನ್ನೇ ಎತ್ತಿಕೊಳ್ಳುತ್ತದೆ. ನಾವು ಸ್ಥಿರವೆಂದು ತಿಳಿದ ಗೆರೆ ಹೀಗೆ ಕೈಯಿಂದ ಕೈಗೆ ದಾಟುತ್ತಿರುತ್ತದೆ. ದಾಟುವಾಗ ತುಸು ಚದುರುವುದೂ ಉಂಟು. ಒತ್ತೊತ್ತಾಗಿ ಬರೆದ ಸೂಕ್ಷ್ಮ ಗೆರೆಗಳು ಕಾಲಾಂತರದಲ್ಲಿ ಒಂದರೊಳಗೊಂದು ಕಲೆತುಹೋಗುತ್ತವೆ. ನಮ್ಮ ಅಜ್ಜಿಯರ ಮುಂಗೈಯ ಚುಕ್ಕೆಗಳ ನಡುವೆ ಸಾಕಷ್ಟು ಎಡೆಯಿರುತ್ತಿತ್ತು. ಅವು ಮುಪ್ಪಿನಲ್ಲೂ ಓದುವಂತಿದ್ದುದಕ್ಕೆ ಇದೇ ಕಾರಣವಿರಬೇಕೆಂದು ನನಗನ್ನಿಸುತ್ತದೆ. ಮಸಿ ಬಹುತೇಕ ಇಂಗಾಲ. ಬಿಸಿಲಿಗೆ ಕೆಂಪು ಹಳದಿಗಳು ಒಡೆದು ಮಂಕಾದಷ್ಟು ಅದು ಮಂಕಾಗುವುದಿಲ್ಲ. ಆಲ್ಪ್ಸ್ ಪರ್ವತದ ಹಿಮದಲ್ಲಿ 1991ರಲ್ಲಿ ದೊರೆತ, ಸುಮಾರು 5300 ವರ್ಷ ಹಿಂದಿನ ಮನುಷ್ಯನ ಶರೀರದಲ್ಲಿ 61 ಹಚ್ಚೆಗುರುತುಗಳು ಉಳಿದಿವೆ, ಅವೂ ಮಸಿಯವೇ.

ಇನ್ನು ಆರೈಕೆ. ಚುಚ್ಚಿದ ಜಾಗವನ್ನು ತಣ್ಣೀರಿನಲ್ಲಿ ತೊಳೆದು, ಉರಿಗೆ ಎಣ್ಣೆ, ಬಾವಿಗೆ ಅರಿಸಿನ ಹಚ್ಚುತ್ತಿದ್ದರೆಂದು ಥರ್ಸ್ಟನ್ ಬರೆಯುತ್ತಾನೆ. ನೋವು ಮರೆಸಲು ಹಾಡುತ್ತಲೂ ಇದ್ದರು. ಇದರಲ್ಲಿ ತೊಳೆಯುವುದೂ ತೇವ ಆರದಂತೆ ನೋಡಿಕೊಳ್ಳುವುದೂ ಇಂದಿಗೂ ಸಲ್ಲುವ ಮಾತು. ಅಡಿಗೆಮನೆಯ ಅರಿಸಿನದ ವಿಷಯದಲ್ಲಿ ನಾನು ಅಷ್ಟು ಉದಾರಿಯಲ್ಲ. ಅರಿಸಿನಕ್ಕೆ ಗುಣವಿರಬಹುದು, ಡಬ್ಬಿಗೆ ಶುದ್ಧಿಯಿಲ್ಲ. ಅದಕ್ಕಿಂತ ಗಂಭೀರವಾದದ್ದು ಸೂಜಿಯ ಪ್ರಶ್ನೆ. ಒಂದೇ ಸೂಜಿ ಹಲವರ ಮೈಯಲ್ಲಿ ಆಡಿದರೆ ಕಾಮಾಲೆಯ ವಿಷಾಣುಗಳು ರಕ್ತದಿಂದ ರಕ್ತಕ್ಕೆ ಹರಡುತ್ತವೆ, ಆಮೇಲಣ ಯಾವ ಲೇಪವೂ ಅದಕ್ಕೆ ಮದ್ದಲ್ಲ. ಹಳೆಯದೆಲ್ಲವೂ ಒಳ್ಳೆಯದೆಂದು ಹಾಡಿಹೊಗಳುವ ನಮ್ಮ ಜಾನಪದಪ್ರಿಯರು ಇದನ್ನು ಮರೆಯಬಾರದು.

ಇಂದು ಹಚ್ಚೆ ಪೇಟೆಯ ಅಂಗಡಿಗಳಲ್ಲಿ ಹೊಸ ಹುರುಪಿನಿಂದ ಮರಳಿ ಬಂದಿದೆ. ಹಾಕಿಸಿಕೊಳ್ಳುವ ತರುಣ ತರುಣಿಯರು ಇಷ್ಟನ್ನು ಪಾಲಿಸಿದರೆ ಸಾಕು: ಮುಚ್ಚದ ಹೊಸ ಸೂಜಿಯಲ್ಲ, ಕಣ್ಣೆದುರಿಗೇ ಪೊಟ್ಟಣ ಒಡೆದು ತೆಗೆದ ಸೂಜಿ, ದಿನಕ್ಕೆ ಎರಡು ಬಾರಿ ಸೌಮ್ಯವಾದ ಸಾಬೂನು ನೀರು, ತೆಳುವಾಗಿ ಮುಲಾಮು. ಮೇಲ್ಮೈ ಮಾಯಲು ಎರಡು ಮೂರು ವಾರ ಬೇಕು. ಅಲ್ಲಿಯವರೆಗೆ ಕೆರೆ ಹೊಳೆಗಳ ಈಜು ಬೇಡ, ಬಿಸಿಲು ಬೇಡ. ಹಕ್ಕಳೆಯನ್ನು ಕೀಳಬಾರದು, ಅದರೊಡನೆ ಬಣ್ಣವೂ ಕಿತ್ತುಬರುತ್ತದೆ. ಕೆಂಪು ಹರಡಿ, ಕೀವು ಜ್ವರ ಕಂಡರೆ ವೈದ್ಯರಲ್ಲಿಗೆ ಹೋಗಬೇಕು.

ಸತ್ತಾಗ ಒಡವೆಗಳೆಲ್ಲ ಇಲ್ಲಿಯೇ ಉಳಿಯುತ್ತವೆ, ಹಚ್ಚೆಯೊಂದೇ ಜೊತೆಗೆ ಬರುತ್ತದೆ ಎಂಬ ನಂಬಿಕೆ ನಮ್ಮ ಹೆಂಗಸರಲ್ಲಿತ್ತು. ಈಗ ಲೇಸರ್ ಕಿರಣದಿಂದ ಹಚ್ಚೆಯನ್ನು ಅಳಿಸಬಹುದು, ಅದರಲ್ಲೂ ಕಪ್ಪನ್ನು ಅಳಿಸುವುದು ಉಳಿದ ಬಣ್ಣಗಳಿಗಿಂತ ಸುಲಭ. ಆದರೆ ಮಸಿಯ ಒಂದು ಪಾಲು, ಅಳಿಸಿದರೂ ಅಳಿಸದಿದ್ದರೂ, ಕಂಕುಳು ಮೊದಲಾದೆಡೆಯ ದುಗ್ಧಗ್ರಂಥಿಗಳಿಗೆ ಹೋಗಿ ನೆಲಸುತ್ತದೆ. ಅಂಥ ಕಪ್ಪು ಗ್ರಂಥಿಗಳನ್ನು ಕಂಡು ಶಸ್ತ್ರವೈದ್ಯರು ಬೇರೆ ರೋಗವೆಂದು ಶಂಕಿಸಿದ ಪ್ರಸಂಗಗಳುಂಟು. ಆದುದರಿಂದ ಶಸ್ತ್ರಚಿಕಿತ್ಸೆಗೆ ಮುನ್ನ, ಎಂದೋ ಹಾಕಿಸಿಕೊಂಡು ಎಂದೋ ಅಳಿಸಿದ ಹಚ್ಚೆಯ ಸುದ್ದಿಯನ್ನೂ ವೈದ್ಯರ ಕಿವಿಗೆ ಹಾಕುವುದು ಒಳ್ಳೆಯದು.