ಸಕಲೇಶಪುರ, ಆಲೂರು ಸೀಮೆಯಲ್ಲಿ ನಟರ ಸ್ಮರಣೆ

ಹಾಸನ ಜಿಲ್ಲೆಯ ಪಡುವಣ ಅಂಚಿನ ಮಲೆಸೀಮೆಯಲ್ಲಿ ಮಳೆಗೂ ಆಟಕ್ಕೂ ಮೊದಲಿನಿಂದಲೂ ಆಗಿಬಾರದು. ಜ್ಯೇಷ್ಠಮಾಸದಲ್ಲಿ ಹಿಡಿದ ಮಳೆ ಭಾದ್ರಪದದವರೆಗೂ ಬಿಡದೆ ಸುರಿಯುವ ಹೆತ್ತೂರು, ಯಸಳೂರು, ಹಾನುಬಾಳು, ಬಿಸಿಲೆಗಳ ಕಡೆಯಲ್ಲಿ ಪರದೆ ಕಟ್ಟುವುದಾಗಲಿ ಡೇರೆ ಹೊಡೆಯುವುದಾಗಲಿ ಆಗದ ಮಾತಾಗಿತ್ತು. ದೀಪಾವಳಿ ಕಳೆದು ಕಾಫಿ ಹಣ್ಣು ಕೆಂಪಾಗುವ ಹೊತ್ತಿಗೆ ತೋಟಗಳಿಗೆ ಆಳುಗಳು ಬರುವರು, ಕೈಯಲ್ಲಿ ಕೂಲಿಯ ಕಾಸು ಓಡಾಡುವುದು, ರಸ್ತೆಗಳು ಒಣಗುವುವು. ಘಟ್ಟದ ಕೆಳಗಿನ ಯಕ್ಷಗಾನ ಮೇಳಗಳ ತಿರುಗಾಟವೂ ಆಗಲೇ ಆರಂಭವಾಗಿ, ಬೇಸಗೆಯ ಕೊನೆಗೆ ಪತ್ತನಾಜೆಯ ದಿನ ಗೆಜ್ಜೆ ಬಿಚ್ಚುವವರೆಗೆ ನಡೆಯುವುದು. ಆಲೂರಿನ ಕಡೆಯ ಅರೆಮಲೆನಾಡಿನಲ್ಲಿ ಊರವರೇ ವೇಷ ಕಟ್ಟಿ, ಹಾರ್ಮೋನಿಯಂ ಮೇಷ್ಟರನ್ನು ಕರೆಸಿಕೊಂಡು, ತಿಂಗಳುಗಟ್ಟಲೆ ಅಭ್ಯಾಸ ಮಾಡಿ ಕುರುಕ್ಷೇತ್ರವನ್ನೋ ರಾಜಸೂಯಯಾಗವನ್ನೋ ಆಡುವ ರೂಢಿ ಬೇರೂರಿತ್ತು. ಇವುಗಳ ಹಿಂದೆಯೇ ಟೂರಿಂಗ್ ಟಾಕೀಸುಗಳು ಬಂದುವು. ಒಂದು ಕಾಲಕ್ಕೆ ಕಲಾವಿದರನ್ನೆಲ್ಲ ಘಟ್ಟದ ಕೆಳಕ್ಕೂ ಬಯಲಿಗೂ ಓಡಿಸುತ್ತಿದ್ದ ಆ ಮಳೆಯನ್ನೇ ಅರಸಿಕೊಂಡು 2006ರಲ್ಲಿ ‘ಮುಂಗಾರು ಮಳೆ’ ಚಿತ್ರದವರು ಸಕಲೇಶಪುರದ ಗುಡ್ಡಗಳಿಗೆ ಬಂದದ್ದು ಕಾಲದ ವಿನೋದವೇ ಸರಿ.

ಇಂತಹ ಸೀಮೆಯಲ್ಲಿ ಹಿಂದೆ ನಟನೊಬ್ಬನು ಕಾಲವಾದ ವರ್ತಮಾನ ತಿಳಿಯುತ್ತಿದ್ದುದೆಂತು? ಹೆಚ್ಚಾಗಿ, ಮುಂದಿನ ವರ್ಷ ಮೇಳ ಬಂದಾಗ ಆತನ ವೇಷವನ್ನು ಮತ್ತೊಬ್ಬನು ಕಟ್ಟಿದ್ದುದರಿಂದಲೇ. ಪಟ್ಟಣಗಳ ದೊಡ್ಡ ನಟರ ಸ್ಥಿತಿಯೂ ಇದಕ್ಕಿಂತ ಬಹಳ ಭಿನ್ನವಾಗಿರಲಿಲ್ಲ. ರತ್ನಾವಳಿ ನಾಟಕ ಮಂಡಲಿಯ ಎ. ವಿ. ವರದಾಚಾರ್ಯರು 1926ರಲ್ಲಿಯೂ ಮಹಮ್ಮದ್ ಪೀರರು 1937ರಲ್ಲಿಯೂ ಗತಿಸಿದರು. ಅವರ ಅಭಿನಯವನ್ನು ಕಂಡವರು ಇರುವವರೆಗೆ ಅದೂ ಉಳಿದು, ಅವರೊಡನೆಯೇ ಮುಗಿಯಿತು. ಕಂಪೆನಿ ನಾಟಕದ ಮಟ್ಟುಗಳು ಮಾತ್ರ ಹಾರ್ಮೋನಿಯಂ ಮೇಷ್ಟರ ಬೆರಳುಗಳ ಮೂಲಕ ಹಳ್ಳಿಗಳಿಗೆ ಇಳಿದು, ಯಾರದೆಂಬುದು ಮರೆತುಹೋದ ಮೇಲೂ ಬಾಳಿದುವು. ಹೆಸರಿಲ್ಲದ ಈ ಸ್ಮರಣೆಯನ್ನು ಅಲ್ಪವೆಂದು ಎಣಿಸಲಾಗದು.

1934ರಲ್ಲಿ ‘ಸತಿ ಸುಲೋಚನ’ ತೆರೆಗೆ ಬಂದು ಕನ್ನಡದ ಬಿಂಬ ಮಾತನಾಡತೊಡಗಿದ ಮೇಲೆ ಈ ಸ್ಥಿತಿ ಬದಲಾಯಿತು. ತೀರಿಕೊಂಡ ನಟನು ಮಾರನೆಯ ವಾರವೂ ಅದೇ ಊರಿನ ಡೇರೆಯಲ್ಲಿ ನಕ್ಕು, ಹಾಡಿ, ಕತ್ತಿ ಝಳಪಿಸಬಲ್ಲವನಾದನು. ಆದರೆ ಬಿಂಬಕ್ಕೂ ಆಯುಸ್ಸುಂಟು: ಆ ಮೊದಲ ವಾಕ್ಚಿತ್ರದ ಪ್ರತಿಯೇ ಇಂದು ಉಳಿದಿಲ್ಲ. ಅದರ ನಾಯಕರಾದ ಸುಬ್ಬಯ್ಯ ನಾಯಡುಗಳು 1962ರಲ್ಲಿ ತೀರಿಕೊಂಡರು. ಅವರ ಮಗ ಲೋಕೇಶರು ‘ಭೂತಯ್ಯನ ಮಗ ಅಯ್ಯು’ವಿನಲ್ಲಿ ಅಯ್ಯುವಾಗಿ ಜನರ ಮನಸ್ಸಿನಲ್ಲಿ ನೆಲಸಿ 2004ರಲ್ಲಿ ಹೋದರು. ಸಕಲೇಶಪುರವನ್ನು ಹಾದು ಹರಿಯುವ ಹೇಮಾವತಿ ಮುಂದೆ ಗೊರೂರನ್ನು ಸೇರುತ್ತದೆಯಷ್ಟೆ. ಆ ಊರಿನ ರಾಮಸ್ವಾಮಿ ಅಯ್ಯಂಗಾರ್ಯರ ಕಥೆಯಿಂದಲೇ 1974ರ ಆ ಚಿತ್ರ ಹುಟ್ಟಿತಾದ ಕಾರಣ, ಅದು ಈ ಜಿಲ್ಲೆಯವರಿಗೆ ತಮ್ಮ ಮನೆಯ ಸಂಗತಿಯಂತೆಯೇ ತೋರಿದುದು ಸಹಜ. ಅದನ್ನು ನಿರ್ದೇಶಿಸಿದ ಸಿದ್ಧಲಿಂಗಯ್ಯನವರು ಕಾಲವಾದುದು 2015ರಲ್ಲಿ.

ಇಷ್ಟರಲ್ಲಿ ನೋಡುಗನಿಗೂ ಒಂದು ಹೊಸ ಹೆಸರು ಬಂದಿತ್ತು. ‘ಅಭಿಮಾನ’ವೆಂಬ ಪದಕ್ಕೆ ಶಾಸ್ತ್ರಗ್ರಂಥಗಳಲ್ಲಿ ಇರುವ ಅರ್ಥ ಅಷ್ಟೇನೂ ಮಂಗಳಕರವಲ್ಲ. ತಾನು, ತನ್ನದು ಎಂಬ ಹಮ್ಮೇ ಅಲ್ಲಿ ಅಭಿಮಾನ. ಅದು ಅಳಿಯಬೇಕೆಂಬುದೇ ಉಪದೇಶ. ಕನ್ನಡದ ಬಳಕೆಯಲ್ಲಿ ಅದು ದೇಶಾಭಿಮಾನ, ಭಾಷಾಭಿಮಾನಗಳಾಗಿ ಒಲವಿನ ಕಡೆಗೆ ಹೊರಳಿ, ಕಡೆಗೆ ನಟನಲ್ಲಿ ಪ್ರೀತಿಯಿಟ್ಟವನು ‘ಅಭಿಮಾನಿ’ ಎನಿಸಿಕೊಂಡನು. ರಾಜಕುಮಾರರು ತಮ್ಮ ಪ್ರೇಕ್ಷಕರನ್ನು ‘ಅಭಿಮಾನಿ ದೇವರು’ಗಳೆಂದು ಕರೆದ ಮೇಲೆ ಪೂಜ್ಯ ಪೂಜಕರ ಸ್ಥಾನಗಳೇ ಪಲ್ಲಟವಾದುವು. ಆದರೂ ಪದದ ಹಳೆಯ ಅರ್ಥ ಪೂರ್ತಿ ಸತ್ತಿಲ್ಲ. ‘ನಮ್ಮವನು’ ಎಂಬಲ್ಲಿಯ ‘ನಮ್ಮ’ ಎಂಬುದು ಕೆಲವೊಮ್ಮೆ ಆ ನಟನಿಗಿಂತಲೂ ದೊಡ್ಡದಾಗಿ ಬೆಳೆದುಬಿಡುತ್ತದೆ.

ಈ ಬೆಳವಣಿಗೆಯ ಅತಿರೇಕಕ್ಕೆ ಜಿಲ್ಲೆಯ ಪ್ರಾಚೀನ ಚರಿತ್ರೆಯಲ್ಲಿಯೇ ಒಂದು ನಿದರ್ಶನವುಂಟು. ಆಲೂರಿನಿಂದ ಉತ್ತರಕ್ಕೆ, ಬೇಲೂರಿನ ಆಚೆ, ಹಳೆಯಬೀಡಿನ ಹೊಯ್ಸಳೇಶ್ವರ ದೇವಾಲಯದ ಆವರಣದಲ್ಲಿ ಗರುಡಸ್ತಂಭವೊಂದು ನಿಂತಿದೆ. ಇಮ್ಮಡಿ ವೀರಬಲ್ಲಾಳನು 1220ರಲ್ಲಿ ತೀರಿಕೊಂಡಾಗ, ಒಡೆಯನೊಡನೆ ಬಾಳಿ ಒಡೆಯನೊಡನೆ ಅಳಿಯುವೆನೆಂದು ವ್ರತ ತೊಟ್ಟಿದ್ದ ದಂಡನಾಯಕ ಕುವರ ಲಕ್ಷ್ಮನು ಮಡದಿ ಸುಗ್ಗಲದೇವಿಯೊಡನೆ ಪ್ರಾಣವನ್ನು ಒಪ್ಪಿಸಿದ ಸ್ಮಾರಕವದು. ಹೀಗೆ ಹರಕೆ ಹೊತ್ತವರನ್ನು ಗರುಡರೆಂದೂ ಲೆಂಕರೆಂದೂ ವೇಳೆವಾಳಿಗಳೆಂದೂ ಶಾಸನಗಳು ಕರೆಯುತ್ತವೆ. ಕಂಬದ ಸುತ್ತಲೂ ತಮ್ಮ ಮೇಲೆಯೇ ಆಯುಧವೆತ್ತಿದ ವೀರರ ಚಿತ್ರಗಳಿವೆ. ಶಿಲ್ಪಿಯ ಕೈ ನುರಿತದ್ದು. ಆದರೆ ಅಲ್ಲಿ ನಿಂತು ನೋಡುವವನಿಗೆ, ದೊರೆಯ ಸಾವಿನಿಂದ ರಾಜ್ಯಕ್ಕೆ ಒದಗಿದ ನಷ್ಟವನ್ನು ಇವರ ಸಾವು ಇಮ್ಮಡಿಸಿತಲ್ಲದೆ ಮತ್ತೇನನ್ನು ಮಾಡಿತೆಂಬ ಪ್ರಶ್ನೆ ಏಳದಿರದು.

ಏಳುನೂರ ಎಂಬತ್ತಾರು ವರ್ಷಗಳ ತರುವಾಯ, 2006ರ ಏಪ್ರಿಲ್ 12ರಂದು ಬೆಂಗಳೂರಿನಲ್ಲಿ ರಾಜಕುಮಾರರು ನಿಧನರಾದರು. ಮಲೆನಾಡಿನಲ್ಲಿ ಅದು ಕಾಫಿಯ ಹೂಮಳೆ ಮುಗಿದು ಸುಗ್ಗಿಯ ಕುಣಿತಗಳು ನಡೆಯುವ ಕಾಲ. 1954ರ ‘ಬೇಡರ ಕಣ್ಣಪ್ಪ’ದಿಂದ ಮೊದಲ್ಗೊಂಡು ಅರ್ಧ ಶತಮಾನ ತೆರೆಯನ್ನು ತುಂಬಿದ್ದ ಪುರುಷನು ಹೋದಾಗ ನಾಡು ಅತ್ತಿತು. ಆದರೆ ರಾಜಧಾನಿಯಲ್ಲಿ ಆ ಎರಡು ದಿನಗಳಲ್ಲಿ ನಡೆದದ್ದು ಬರಿಯ ಅಳುವಲ್ಲ. ಕಲ್ಲುತೂರಾಟ, ಬೆಂಕಿ, ಲಾಠಿ, ಗುಂಡುಗಳ ನಡುವೆ ಹಲವರು ಪ್ರಾಣ ಕಳೆದುಕೊಂಡರು. ಅವರಲ್ಲಿ ಕರ್ತವ್ಯದ ಮೇಲಿದ್ದ ಪೊಲೀಸಿನವನೂ ಒಬ್ಬನು. ಜೀವಮಾನದಲ್ಲಿ ಯಾರಿಗೂ ಗಟ್ಟಿಯಾಗಿ ಮಾತನಾಡದವರೆಂದು ಹೆಸರಾದ ಒಬ್ಬರ ಅಂತ್ಯಯಾತ್ರೆ ಹೀಗಾದುದನ್ನು ಅಭಿಮಾನವೆನ್ನಲು ನಾಲಗೆ ಏಳದು.

ಅದೇ ದಿನ, ಆ ಗದ್ದಲದೊಳಗೆ, ಸದ್ದಿಲ್ಲದೆ ಇನ್ನೊಂದು ಕಾರ್ಯವೂ ನಡೆಯಿತು. 1994ರಲ್ಲಿ ತಮ್ಮ ಹೆಸರಿನ ನೇತ್ರಬ್ಯಾಂಕು ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ಆರಂಭವಾದಾಗ ಕೊಟ್ಟಿದ್ದ ಮಾತಿನಂತೆ ರಾಜಕುಮಾರರ ಕಣ್ಣುಗಳು ದಾನವಾಗಿ ಸಂದುವು. ಕಣ್ಣಪ್ಪನಾಗಿ ಶಿವನಿಗೆ ಕಣ್ಣು ಕೊಡುವ ಪಾತ್ರದಿಂದ ತೆರೆಗೆ ಬಂದವರು ಕಡೆಗೆ ಮನುಷ್ಯರಿಗೆ ಕಣ್ಣು ಕೊಟ್ಟು ಹೋದರು. ಸ್ಮಾರಕಗಳಲ್ಲಿ ಇದಕ್ಕೆ ಸಮನಾದುದನ್ನು ಕಲ್ಲಿನಲ್ಲಿ ಕಟ್ಟುವುದು ಕಷ್ಟ.

ಕಲ್ಲಿನ ಸ್ಮಾರಕದ ಪಾಡು ಏನಾಗಬಲ್ಲದೆಂಬುದನ್ನು ಮುಂದಿನ ಪ್ರಕರಣವು ತೋರಿಸುತ್ತದೆ. 2009ರ ಡಿಸೆಂಬರಿನಲ್ಲಿ, ತೋಟಗಳಲ್ಲಿ ಕೊಯ್ಲು ನಡೆಯುತ್ತಿದ್ದಾಗ, ಒಂದರ ಹಿಂದೊಂದು ದಿನ ಎರಡು ಸಾವುಗಳು ಸಂಭವಿಸಿದುವು. 29ರಂದು, ತಮ್ಮ ಎಪ್ಪತ್ತನೆಯ ಹುಟ್ಟುಹಬ್ಬದ ದಿನವೇ, ಗಾಯಕ ಸಿ. ಅಶ್ವಥ್ ತೀರಿಕೊಂಡರು. ಅವರು ಇದೇ ಜಿಲ್ಲೆಯ ಚನ್ನರಾಯಪಟ್ಟಣದಲ್ಲಿ ಹುಟ್ಟಿದವರು. 30ರಂದು ಮೈಸೂರಿನಲ್ಲಿ ವಿಷ್ಣುವರ್ಧನರು ತೀರಿಕೊಂಡರು. ಅಶ್ವಥರ ಸ್ಮರಣೆಗೆ ಯಾವ ವಿವಾದವೂ ತೊಡಕಾಗಲಿಲ್ಲ. ಅವರು ಮಟ್ಟು ಹಾಕಿ ಹಾಡಿದ ಶಿಶುನಾಳ ಶರೀಫರ ತತ್ತ್ವಪದಗಳು ಶಾಲೆಯ ವಾರ್ಷಿಕೋತ್ಸವಗಳಲ್ಲಿಯೂ ಮಹಿಳಾ ಸಮಾಜಗಳಲ್ಲಿಯೂ ಕೊರಳಿಂದ ಕೊರಳಿಗೆ ಸಾಗುತ್ತಲೇ ಇವೆ. ವಿಷ್ಣುವರ್ಧನರದು ಬೇರೆ ಕಥೆ. 1972ರ ‘ನಾಗರಹಾವು’ವಿನ ರಾಮಾಚಾರಿಯೆಂದು ನಾಡೆಲ್ಲ ಅವರನ್ನು ನೆನೆಯುತ್ತದೆ. ಗೊರೂರರ ಕಥೆಯನ್ನು ಬಲ್ಲವರಿಗಾದರೋ ಅವರು ಅಯ್ಯುವಿಗೆ ಎದುರು ನಿಂತ ಗುಳ್ಳನೂ ಹೌದು. ಅವರ ಅಂತ್ಯಕ್ರಿಯೆ ನಡೆದುದು ಬೆಂಗಳೂರಿನ ಕೆಂಗೇರಿಯ ಬಳಿಯ ಅಭಿಮಾನ್ ಸ್ಟುಡಿಯೋದಲ್ಲಿ.

ಆ ಸ್ಟುಡಿಯೋವನ್ನು ಕಟ್ಟಿದವರು ಯಾರೆಂಬುದನ್ನು ಹಾಸನ ಜಿಲ್ಲೆಯವರಾದರೂ ನೆನೆಯಬೇಡವೆ? ಅರಸೀಕೆರೆಯಲ್ಲಿ 1911ರಲ್ಲಿ ಜನಿಸಿದ ಟಿ. ಎನ್. ಬಾಲಕೃಷ್ಣರು ಕಿವಿ ಕೇಳದವರು. ಎದುರಿನವರ ತುಟಿಯ ಚಲನೆಯನ್ನು ನೋಡಿಯೇ ಮಾತಿನ ಹೊತ್ತನ್ನು ಹಿಡಿದು ಉತ್ತರ ಕೊಡುತ್ತಿದ್ದರೆಂದರೆ, ಅವರ ಹಾಸ್ಯದ ಚುರುಕನ್ನು ಕಂಡವರು ನಂಬಲಾರರು. ನಾಟಕ ಕಂಪೆನಿಗಳಿಂದ ಬಂದು 1943ರ ‘ರಾಧಾರಮಣ’ದಲ್ಲಿ ತೆರೆಯ ಮೇಲೆ ಕಾಣಿಸಿಕೊಂಡ ಅವರು, ಚಿತ್ರಗಳಿಲ್ಲದೆ ಕಲಾವಿದರು ಕಂಗೆಟ್ಟಿದ್ದ ಕಾಲದಲ್ಲಿ ರಾಜಕುಮಾರ್, ಜಿ. ವಿ. ಅಯ್ಯರ್, ನರಸಿಂಹರಾಜು ಇವರೊಡನೆ ಕೂಡಿ ‘ರಣಧೀರ ಕಂಠೀರವ’ವನ್ನು ನಿರ್ಮಿಸಿದರು. ಅದು 1960ರಲ್ಲಿ ಬಿಡುಗಡೆಯಾಯಿತು. ‘ಬಂಗಾರದ ಮನುಷ್ಯ’ದ ರಾಚೂಟಪ್ಪನಾಗಿ ಅವರನ್ನು ಕಾಣದ ಒಕ್ಕಲಿನ ಮನೆಯಿರಲಿಲ್ಲ. ಕನ್ನಡ ಚಿತ್ರಗಳನ್ನು ಮದರಾಸಿಗೆ ಹೋಗದೆ ಕನ್ನಡನಾಡಿನಲ್ಲಿಯೇ ತಯಾರಿಸಬೇಕೆಂಬ ಹಟದಿಂದ, ಸರ್ಕಾರದಿಂದ ದೊರೆತ 20 ಎಕರೆ ಭೂಮಿಯಲ್ಲಿ ಅವರು ಸ್ಟುಡಿಯೋ ಕಟ್ಟಲು ಹೊರಟು, ನಟನೆಯಿಂದ ಬಂದುದನ್ನೆಲ್ಲ ಅದಕ್ಕೆ ಸುರಿದರು. ಅದಕ್ಕೆ ಇಟ್ಟ ಹೆಸರು ‘ಅಭಿಮಾನ್’. ಎಣಿಸಿದಂತೆ ಅದು ಏಳಲಿಲ್ಲ. 1995ರಲ್ಲಿ ಅವರು ಕಣ್ಮುಚ್ಚಿದ ಮೇಲೆ ಭೂಮಿಯ ಸುತ್ತ ವ್ಯಾಜ್ಯಗಳು ಬೆಳೆದುವು.

ವಿಷ್ಣುವರ್ಧನರ ಸ್ಮಾರಕವು ಆ ವ್ಯಾಜ್ಯದ ನಡುವೆ ಸಿಕ್ಕಿಕೊಂಡಿತು. ವರ್ಷಗಳ ಕಾಲ ಮನವಿ, ಪ್ರತಿಭಟನೆಗಳು ನಡೆದು, ಕಡೆಗೆ ಸರ್ಕಾರದ ಸ್ಮಾರಕವು ಮೈಸೂರಿನ ಹೊರವಲಯದಲ್ಲಿ 2023ರ ಜನವರಿ 29ರಂದು ಉದ್ಘಾಟನೆಯಾಯಿತು. ದಹನವಾದ ಸ್ಥಳವೇ ಪುಣ್ಯಭೂಮಿಯೆಂದು ನಂಬಿದ್ದವರಿಗೆ ಇದರಿಂದ ಸಮಾಧಾನವಾಗಲಿಲ್ಲ. 2025ರ ಆಗಸ್ಟ್ 8ರಂದು ಅಭಿಮಾನ್ ಸ್ಟುಡಿಯೋದಲ್ಲಿದ್ದ ಸಮಾಧಿಯನ್ನು ನೆಲಸಮ ಮಾಡಲಾಯಿತು. ಮರುತಿಂಗಳಲ್ಲಿಯೇ ಅವರಿಗೆ ಮರಣೋತ್ತರವಾಗಿ ಕರ್ನಾಟಕ ರತ್ನ ಪ್ರಶಸ್ತಿ ಪ್ರಕಟವಾಯಿತು. ಅಭಿಮಾನಿಗಳ ನೋವು ನಿಜವಾದುದು. ಅದನ್ನು ಲಘುವಾಗಿ ಕಾಣುವುದು ನ್ಯಾಯವಲ್ಲ. ಆದರೆ ಅಷ್ಟೂ ವರ್ಷಗಳ ಕೂಗಿನಲ್ಲಿ ಆ ನೆಲವನ್ನು ಹಸನು ಮಾಡಿದ ಅರಸೀಕೆರೆಯ ನಟನ ಹೆಸರು ಬಹುತೇಕ ಭೂವ್ಯಾಜ್ಯದ ಕಾಗದಗಳಲ್ಲಿ ಮಾತ್ರ ಕೇಳಿಬಂದುದು ವಿಷಾದದ ಸಂಗತಿ. ಹುಟ್ಟಿದ ಜಿಲ್ಲೆಯಲ್ಲಿಯೇ ಆ ಹೆಸರು ಇಷ್ಟು ಮಸುಕಾಗಬಾರದಿತ್ತು.

ಸಮಾಧಿಯಿಲ್ಲದೆಯೂ ನಡೆಯುವ ಸ್ಮರಣೆಗೆ ಶಂಕರನಾಗರದು ಒಳ್ಳೆಯ ಉದಾಹರಣೆ. 1990ರ ಸೆಪ್ಟೆಂಬರ್ 30ರಂದು ದಾವಣಗೆರೆಯ ಬಳಿಯ ಆನಗೋಡಿನಲ್ಲಿ ಅಪಘಾತದಿಂದ ಅವರು ಮೃತಪಟ್ಟಾಗ ವಯಸ್ಸು 35. 1980ರ ‘ಆಟೋ ರಾಜ’ದ ನೆನಪಿನಿಂದ ರಿಕ್ಷಾಗಳ ಬೆನ್ನಿನ ಮೇಲೆ ಇಂದಿಗೂ ಅವರ ಮುಖವಿದೆ. ಆ ಚಿತ್ರ ಬಂದಾಗ ಹುಟ್ಟಿಯೇ ಇರದಿದ್ದವರೂ ಅದನ್ನು ಬರೆಯಿಸುತ್ತಾರೆ.

2021ರ ಅಕ್ಟೋಬರ್ 29ರಂದು, ನಲವತ್ತಾರನೆಯ ವಯಸ್ಸಿನಲ್ಲಿ, ಪುನೀತ್ ರಾಜಕುಮಾರರು ಹಠಾತ್ತನೆ ಹೋದರು. ರಾಜ್ಯೋತ್ಸವಕ್ಕೆ ಮೂರೇ ದಿನವಿತ್ತು. ಅವರ ಚಿತ್ರಗಳಲ್ಲಿ ಮಲೆಸೀಮೆಯ ಮನೆಗಳಿಗೆ ಅತ್ಯಂತ ಹತ್ತಿರವಾದುದು ಬಾಲ್ಯದಲ್ಲಿ ನಟಿಸಿದ ‘ಬೆಟ್ಟದ ಹೂವು’. ಎನ್. ಲಕ್ಷ್ಮೀನಾರಾಯಣರು ನಿರ್ದೇಶಿಸಿದ ಆ ಚಿತ್ರದ ಬಡ ಹುಡುಗನು ಕಾಡಿನ ಹೂಗಳನ್ನು ಹುಡುಕಿ ಮಾರಿ, ‘ಶ್ರೀ ರಾಮಾಯಣ ದರ್ಶನಂ’ ಕೊಳ್ಳಬೇಕೆಂದು ಕಾಸು ಕೂಡಿಹಾಕುತ್ತಾನೆ. ಕಡೆಗೆ ಆ ಹಣದಿಂದ ಚಳಿಯಲ್ಲಿ ನಡುಗುವ ಮನೆಯವರಿಗೆ ಕಂಬಳಿ ತರುತ್ತಾನೆ. ಮಾಘದ ಚಳಿಯನ್ನು ಲೈನಿನ ಮನೆಯಲ್ಲಿ ಉಂಡವರಿಗೆ ಆ ಕಂಬಳಿಯ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಆ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿ ಸಂದಿತ್ತು.

ಈ ಸಲ ರಾಜಧಾನಿಯಲ್ಲಿ 2006ರ ದೊಂಬಿ ಮರುಕಳಿಸಲಿಲ್ಲ. ಲಕ್ಷಾಂತರ ಜನರು ಸಾಲಿನಲ್ಲಿ ನಿಂತು ಅಂತಿಮ ದರ್ಶನ ಪಡೆದರು. ದುಃಖ ತಡೆಯಲಾರದೆ ಪ್ರಾಣ ಬಿಟ್ಟವರ ವಾರ್ತೆಗಳು ಮಾತ್ರ ಅಲ್ಲಲ್ಲಿ ಬಂದುವು. ಗರುಡರ ನೆರಳು ಪೂರ್ತಿ ಹೋಗಿರಲಿಲ್ಲ. ಆದರೆ ತಂದೆಯ ಮಾರ್ಗದಲ್ಲಿಯೇ ಮಗನ ಕಣ್ಣುಗಳೂ ದಾನವಾದುವು. ಕಣ್ಣಿನ ಪಾರದರ್ಶಕ ಪಟಲವನ್ನು ಮುಂದಿನ ಪದರ, ಹಿಂದಿನ ಪದರವೆಂದು ಬಿಡಿಸಿ, ಎರಡು ಕಣ್ಣುಗಳಿಂದ ನಾಲ್ವರಿಗೆ ವೈದ್ಯರು ದೃಷ್ಟಿ ಕೊಟ್ಟರು. ಆ ಬಳಿಕ ನಾಡಿನಾದ್ಯಂತ ನೇತ್ರದಾನಕ್ಕೆ ಹೆಸರು ಬರೆಸಿದವರ ಸಂಖ್ಯೆ ಒಮ್ಮೆಲೇ ಏರಿತು. ನೆಚ್ಚಿದವನಿಗಾಗಿ ತಲೆ ಕೊಡುತ್ತಿದ್ದ ಜಿಲ್ಲೆಯಲ್ಲಿ ನೆಚ್ಚಿದವನ ಹೆಸರಿನಲ್ಲಿ ಕಣ್ಣು ಬರೆದುಕೊಡುವ ಕಾಲ ಬಂದದ್ದು ಸಾಮಾನ್ಯವಾದ ಪರಿವರ್ತನೆಯಲ್ಲ.

ಬರೆದುಕೊಟ್ಟ ಮಾತ್ರಕ್ಕೆ ದಾನವು ಪೂರ್ಣವಾಗದೆಂಬುದನ್ನು ಘಟ್ಟದಂಚಿನವರು ವಿಶೇಷವಾಗಿ ಗಮನಿಸತಕ್ಕದ್ದು. ಹೆಸರು ಬರೆಸಿದವನು ತೀರಿಕೊಂಡಾಗ ಮನೆಯವರು ಒಪ್ಪಬೇಕು. ಕಣ್ಣುಗಳನ್ನು ಸುಮಾರು ಆರು ಗಂಟೆಗಳ ಒಳಗೆ ತೆಗೆಯಬೇಕು. ಸಕಲೇಶಪುರದಿಂದ ಹಾಸನದ ದೊಡ್ಡ ಆಸ್ಪತ್ರೆಗೆ ಸುಮಾರು 40 ಕಿಲೋಮೀಟರು. ಹೆತ್ತೂರು, ಬಿಸಿಲೆಗಳ ಕಡೆಯಿಂದ ಇನ್ನೂ ಬಹಳ ದೂರ. ಆಷಾಢದ ರಾತ್ರಿ ಮರ ಬಿದ್ದು ದಾರಿ ಕಟ್ಟಿದರೆ ಆರು ಗಂಟೆ ದೊಡ್ಡ ಅವಧಿಯಲ್ಲ. ಕನ್ನಡಕ ಹಾಕುತ್ತಿದ್ದರು, ಸಕ್ಕರೆ ಕಾಯಿಲೆಯಿತ್ತು, ವಯಸ್ಸಾಗಿತ್ತು ಎಂಬ ಕಾರಣಗಳು ಇದಕ್ಕೆ ಅಡ್ಡಿಯಾಗವು. ಮುಖವೂ ವಿಕಾರವಾಗದು. ವೈದ್ಯರು ಮನೆಗೇ ಬಂದು ಅರ್ಧ ಗಂಟೆಯೊಳಗೆ ಕೆಲಸ ಮುಗಿಸುವರು. ಅವರು ಬರುವ ತನಕ ಮನೆಯವರು ಮಾಡತಕ್ಕದ್ದು ಇಷ್ಟು: ಕೂಡಲೇ ನೇತ್ರಬ್ಯಾಂಕಿಗೆ ಫೋನು ಮಾಡಿಸುವುದು, ಫ್ಯಾನು ನಿಲ್ಲಿಸುವುದು, ತಲೆಯ ಕೆಳಗೆ ದಿಂಬಿಟ್ಟು ಸ್ವಲ್ಪ ಎತ್ತರಿಸುವುದು, ರೆಪ್ಪೆಗಳನ್ನು ಮುಚ್ಚಿ ಅವುಗಳ ಮೇಲೆ ಶುಭ್ರವಾದ ಒದ್ದೆ ಹತ್ತಿಯನ್ನಿರಿಸುವುದು.